ಗಂಡಿನ ಕೈ ನೋಡಿದ ವೆಂಕಟರಂಗಯ್ಯ

ಹೆಣ್ಣು ನೋಡಲು ಬಂದ ಹುಡುಗನ ಜಾತಕ ಕೇಳುವುದುಂಟು, ಜಮೀನು ಕೇಳುವುದುಂಟು. ಕಡಬದ ವೆಂಕಟರಂಗಯ್ಯ ಕೇಳಿದ್ದೇ ಬೇರೆ.

"ಎಲ್ಲಿ, ಎರಡೂ ಕೈ ತೋರ್ಸಪ್ಪ."

ಕೊತ್ತಗೆರೆಯ ಲಕ್ಷ್ಮೀನರಸಿಂಹಯ್ಯ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಕೈ ಚಾಚಿದ. ಹತ್ತು ಬೆರಳೂ ನೆಟ್ಟಗಿದ್ದವು. ಆದರೂ ಮಾವನಾಗಬೇಕಾದವನ ಮುಖ ಸಡಿಲಾಗಲಿಲ್ಲ. ಹುಡುಗ ಕೆಲಸಕ್ಕಿದ್ದದ್ದು ಗುಬ್ಬಿ ರಸ್ತೆಯ ತೆಂಗಿನ ನಾರಿನ ಮಿಲ್ಲಿನಲ್ಲಿ. ಸುತ್ತಿನ ಊರುಗಳಲ್ಲಿ ಅದಕ್ಕೆ 'ಕೈ ನುಂಗೋ ಮಿಲ್ಲು' ಎಂದೇ ಹೆಸರು. ಮಿಲ್ಲಿನ ಸಾಹುಕಾರರು ವರ್ಷವರ್ಷವೂ ಮನೆಮನೆಗೆ ಕ್ಯಾಲೆಂಡರ್ ಹಂಚುತ್ತಿದ್ದರು. ಎಂಬತ್ಮೂರನೇ ಇಸವಿಯದು ವೆಂಕಟರಂಗಯ್ಯನ ಗೋಡೆಯ ಮೇಲೂ ತೂಗುತ್ತಿತ್ತು. ಆ ಕೆಟ್ಟ ಹೆಸರು ಮಾತ್ರ ಅಳಿದಿರಲಿಲ್ಲ.

ನೆಂಟರು ಹೋದದ್ದೇ ತಡ, ಹೆಂಡತಿ ರಂಗಲಕ್ಷ್ಮಮ್ಮ ರೇಗಿದಳು. "ಮಗಳು ಒಪ್ಪವ್ಳೆ. ಹುಡುಗ ಬಂಗಾರದಂಥವ್ನು. ಇನ್ನೇನ್ ಬೇಕು ನಿಮ್ಗೆ?"

"ಇವತ್ತು ಬೆರಳು ಅವೆ. ಮದ್ವೆ ಆದ್ಮೇಲೆ ಎಷ್ಟು ಉಳೀತಾವೋ ಯಾರಿಗ್ಗೊತ್ತು? ಪಕ್ಕದ್ಮನೆ ಅಂಜಿನಪ್ಪನ್ನ ಮರ್ತ್ಯಾ?"

ಅಂಜಿನಪ್ಪನ ಬಲಗೈ ಬೆರಳುಗಳು ಹೋದದ್ದು ಅದೇ ಮಿಲ್ಲಿನಲ್ಲಿ. ಹೆಗಲ ಟವೆಲ್ಲು ಯಂತ್ರದ ಬೆಲ್ಟಿಗೆ ಸಿಕ್ಕಿತ್ತು, ಎಳೆದುಕೊಳ್ಳಲು ಹೋಗಿದ್ದ. ಈಗ ಅಲ್ಲೇ ಗೇಟು ಕಾಯುತ್ತಾನೆ. ವಿಷಯ ತಿಳಿದು ಅವನೇ ಬಂದ.

"ಈಗ ಹಂಗಿಲ್ಲ ಕಣಣ್ಣ. ಎಲ್ಲಾ ಬೆಲ್ಟಿಗೂ ಕಬ್ಬಿಣದ ಜಾಲರಿ ಹಾಕವ್ರೆ. ಟವೆಲ್ಲು, ಸೆರಗು ಇಳಿಬಿಟ್ಕಂಡು ಯಾರೂ ಒಳಕ್ಕೋಗಂಗಿಲ್ಲ."

"ನಿನ್ ಬಾಯಿ ಮುಚ್ಸೋಕೇ ಕೆಲ್ಸ ಕೊಟ್ಟವ್ರೆ ಬುಡು. ಫ್ಯಾಕ್ಟ್ರಿ ಇನ್ಸ್‌ಪೆಕ್ಟರ್ ಜೀಪು ಬಂದ್ ದಿವ್ಸ ಜಾಲರಿ ಹಾಕ್ತಾರೆ, ಹೋದ್ಮೇಲೆ ಕಿತ್ತಿಡ್ತಾರೆ."

"ಹಂಗಾರೆ ಯಾರ್ಗೂ ಹೇಳ್ದೆ ಬಂದು ನೋಡು."

ವೆಂಕಟರಂಗಯ್ಯ ಬೇಕೆಂದೇ ಲೋಡು ಹೋಗುವ ದಿನ ಹೊರಟ. ಅವಸರದಲ್ಲಿ ಇವರ ಬಣ್ಣ ಬಯಲಾಗುತ್ತದೆ ಎಂಬುದು ಅವನ ಲೆಕ್ಕ. ಗೇಟಿನೆದುರು ಹುಣಸೆಮರದ ಮರೆಯಲ್ಲಿ ನಿಂತ. ಲಾರಿ ಹಾರನ್ ಹೊಡೆಯುತ್ತಿತ್ತು. ಸಾಹುಕಾರರು ಕಾರಿಳಿದು, ಶಲ್ಯ ಹಾರಿಸಿಕೊಂಡು ಬಿರಬಿರನೆ ಬಂದರು. ಅಂಜಿನಪ್ಪ ಮೊಂಡಗೈ ಅಡ್ಡ ಹಿಡಿದ.

"ಶಲ್ಯ, ಸ್ವಾಮಿ."

"ಲಾರಿ ಕಾಯ್ತಿದೆ ಕಣಯ್ಯ! ಒಂದ್ನಿಮಿಷ ಹೋಗ್ಬರ್ತೀನಿ."

"ನಂದೂ ಒಂದ್ನಿಮಿಷದಲ್ಲೇ ಆಗಿದ್ದು ಸ್ವಾಮಿ."

ಸಾಹುಕಾರರ ಮುಖ ಕೆಂಪಾಯಿತು. ಅಂಜಿನಪ್ಪನ ಕೆಲಸ ಹೋಯಿತು ಎಂದೇ ವೆಂಕಟರಂಗಯ್ಯ ಹೆದರಿದ. ಅವರು ಆ ಕೈಯನ್ನೇ ನೋಡಿದರು. ಶಲ್ಯ ತೆಗೆದು ಅದೇ ಕೈಗಿಟ್ಟು ಒಳಗೆ ಹೋದರು.

ವೆಂಕಟರಂಗಯ್ಯನೂ ಟವೆಲ್ಲು ಕೊಟ್ಟು ಹಿಂದೆಯೇ ನಡೆದ. ಅನುಮಾನದ ಪ್ರಾಣಿ, ನೋಡಿ ಸುಮ್ಮನಾಗಲಿಲ್ಲ. ನಿಂತಿದ್ದ ಯಂತ್ರವೊಂದರ ಜಾಲರಿ ಹಿಡಿದು ಅಲ್ಲಾಡಿಸಿದ. ಬೋಲ್ಟು ಬಿಗಿದಿತ್ತು. ಅದರ ಮೇಲೆ ಹಳೆಯ ನಾರಿನ ಧೂಳು ಗಟ್ಟಿಯಾಗಿ ಕೂತಿತ್ತು. ನಿನ್ನೆ ಮೊನ್ನೆ ಹಾಕಿದ್ದಲ್ಲ.

ಮನೆಗೆ ಬಂದವನೇ ಹೇಳಿದ: "ಕೊತ್ತಗೆರೆಗೆ ಹೇಳ್ಕಳ್ಸು ಕಣೇ. ಲಗ್ನ ಕಟ್ಸಾಣ."

ಇಂಥ ಅನುಮಾನದವನೇ ಹೆಣ್ಣು ಕೊಟ್ಟನಂತೆ ಎಂಬ ಸುದ್ದಿ ಹಬ್ಬಿತು. ಕೈ ನುಂಗೋ ಮಿಲ್ಲು ಎನ್ನುವವರು ಕಡಿಮೆಯಾದರು.

ಕೆಲಸಕ್ಕೆ ಹೋಗುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಬೆಲ್ಟಿಗೆ ಜಾಲರಿ ಇದೆಯೇ, ನಾಳೆಯೇ ನೋಡಿ. ಇಲ್ಲದಿದ್ದರೆ ಬಾಯಿಬಿಟ್ಟು ಕೇಳಿ. ಮಾಲೀಕರೇ, ನಿಮ್ಮಲ್ಲಿ ದುಡಿದವರು ಸಂಜೆ ಹೇಗೆ ಮನೆಗೆ ಬರುತ್ತಾರೆಂದು ಊರು ನೋಡುತ್ತಿರುತ್ತದೆ. ಕ್ಯಾಲೆಂಡರ್ ಆಮೇಲೆ ಹಂಚುವಿರಂತೆ, ಮೊದಲು ಜಾಲರಿ ಹಾಕಿಸಿ.