ಮಹಾಂತಮ್ಮ ಹಾಕಿಸಿದ ಹೆಚ್ಚಿನ ಹನಿ

ಮುಂದೆ ಮರಳಿನ ಟಿಪ್ಪರ್ ಹೊರಟಿತೆಂದರೆ ಹಿಂದೆ ಬರುವ ಗಾಡಿಯ ಗಾಜಿಗೆ ಗ್ರಹಚಾರ ಹಿಡಿಯಿತೆಂದೇ ಲೆಕ್ಕ. ದೇವದುರ್ಗದ ರಸ್ತೆಯಲ್ಲಿ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಲ್ಲೂರಿನ ಅಂಬರೀಶನ ಕ್ರೂಸರ್ ಗಾಡಿ ಮಸರಕಲ್ ಊರು ದಾಟುವಾಗ ಒಂದು ಕಲ್ಲು ಟಣ್ ಎಂದು ಬಂದು ಬಡಿಯಿತು. ಮುಂದಿನ ಗಾಜಿನಲ್ಲಿ, ಡ್ರೈವರ್ ಕಣ್ಣಿಗೆ ಅಡ್ಡ ಬಾರದ ಆಚೆ ಬದಿಗೆ, ಹೆಬ್ಬೆರಳ ಉಗುರಿನಷ್ಟು ಪೆಟ್ಟು. ಸಣ್ಣದರಲ್ಲೇ ಹೋಯಿತು, ಪುಣ್ಯ ಎಂದುಕೊಂಡರು ಮನೆಯವರು. ಆ ಪುಣ್ಯವನ್ನು ಅವರೇ ಕೈಯಾರೆ ಕಳೆದುಕೊಂಡರಲ್ಲ, ಅದೇ ಹೊಟ್ಟೆ ಉರಿಯುವ ಮಾತು.

ಅಂಬರೀಶನ ತಾಯಿ ಮಹಾಂತಮ್ಮನದು ಧಾರಾಳದ ಕೈ. ಯುಗಾದಿ ಮುಂದೆ ಹೆಗಲ ಮೇಲೆ ದೇವರ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುವ ಭಕ್ತರಿಗೆ ಕಲ್ಲೂರಿನಲ್ಲಿ ಊಟ ಆಕೆಯ ಮನೆಯಲ್ಲೇ. ಸಾಕವ್ವಾ ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ, ಆ ಕೈ ಸರಿಸಿ ಬಡಿಸುವಾಕೆ. ಗಂಡ ವಿರೂಪಣ್ಣನೂ ಪ್ರತಿ ವರ್ಷ ಆ ಭಕ್ತರ ಜೊತೆ ನಡೆಯುತ್ತಿದ್ದ. "ಈ ಕಾಲು ನನ್ನವಲ್ಲ, ಶ್ರೀಶೈಲ ಮಲ್ಲಯ್ಯನವು" ಎನ್ನುತ್ತಿದ್ದ.

ತಾಯಿ ಮಗ ಇಬ್ಬರೂ ಗಾಡಿ ತೆಗೆದುಕೊಂಡು ರಾಯಚೂರಿಗೆ ಹೋದರು. ಗಾಜಿನ ಕೆಲಸದ ಮಹಮ್ಮದ್ ಹುಸೇನ್ ಗಾಡಿಯನ್ನು ಬೇವಿನ ನೆರಳಿಗೆ ನಿಲ್ಲಿಸಿ ಪೆಟ್ಟು ನೋಡಿದ.

"ಇದರಾಗ ಇಭೂತಿ ತುಂಬ್ಯಾದಲ್ರೀ?"

"ಅಮಾಸಿ ಪೂಜಾ ಮಾಡಿದ್ವಿ. ಗಾಜಿಗೆ ಮೂರು ಗೀಟು ಎಳದ್ವಿ," ಎಂದ ಅಂಬರೀಶ.

"ಗೀಟು ಎಳೀರಿ, ಆದ್ರ ಪೆಟ್ಟಿನ ಮ್ಯಾಲೆ ಬ್ಯಾಡ್ರಿ. ಇಭೂತಿ ಕೂತಲ್ಲಿ ರೆಸಿನ್ ಇಳಿಯಂಗಿಲ್ಲ."

ಹುಸೇನ್ ಸೂಜಿಯಿಂದ ಅದನ್ನು ಕೆದಕಿ ತೆಗೆದ. ಪೆಟ್ಟಿನ ಮೇಲೆ ಒಂದು ತಿರುಪಿನ ಸಾಧನ ಕೂರಿಸಿ ಒಳಗಿನ ಗಾಳಿ ಎಳೆದ. ಆಮೇಲೆ ರೆಸಿನ್, ಅಂದರೆ ಬಿರುಕು ತುಂಬುವ ತಿಳಿ ಅಂಟು, ಒಂದೊಂದೇ ಹನಿ ಬಿಟ್ಟ. ಮಹಾಂತಮ್ಮನಿಗೆ ತಡೆಯಲಾಗಲಿಲ್ಲ.

"ಏನ್ ಭಾಯ್, ಕಣ್ಣಿಗೆ ಔಷಧ ಬಿಟ್ಟಂಗ ಬಿಡಾಕತ್ತಿ? ಬಾಟ್ಲಿ ತುಂಬ ಅದಲ್ಲ, ಇನ್ನಷ್ಟು ಸುರುವು."

"ಯವ್ವಾ, ಇದು ಹೋಳಿಗಿ ಮ್ಯಾಲಿನ ತುಪ್ಪ ಅಲ್ಲ. ಒಳಗ ಕೂದಲೆಳಿಯಷ್ಟು ಸಂದಿ ಅದ. ಕಡಿಮಿ ಹಾಕಿದ್ರ ಗಾಳಿ ಉಳಿದು ಬಿರುಕು ಬೆಳಿತದ. ಹೆಚ್ಚು ಹಾಕಿ ಒತ್ತಿದ್ರ ಗಾಜೇ ಸೀಳ್ತದ. ಮ್ಯಾಲೆ ಹರಿದು ಗಟ್ಟಿಯಾದ್ರ ಎದುರಿನದು ಮಸುಕಾಗ್ತದ. ಸಂದಿ ಎಷ್ಟು ಕುಡಿತದೋ ಅಷ್ಟ ಹಾಕಬೇಕು."

"ಜಿಪುಣರಿಗೆ ನೂರು ನೆಪ," ಎಂದು ಮಹಾಂತಮ್ಮ ಮುಖ ತಿರುಗಿಸಿದಳು.

ಅಷ್ಟರಲ್ಲಿ ನಮಾಜಿನ ಹೊತ್ತಾಯಿತು. "ನಾ ಬರೂತನಕ ಯಾರೂ ಮುಟ್ಟಬ್ಯಾಡ್ರಿ," ಎಂದು ಹೇಳಿ ಹುಸೇನ್ ಹೋದ. ಬಾಟ್ಲಿ ಅಲ್ಲೇ ಉಳಿಯಿತು.

"ಲೇ ಅಂಬರೀಶ, ಆಂವ ಬರೂದ್ರಾಗ ಇನ್ನಷ್ಟು ಹಾಕಿ ತಿರುವಿಬಿಡು."

"ಬ್ಯಾಡ ಬೇ, ಆಂವ ಬ್ಯಾಡಂದಾನ."

"ಹೆತ್ತಾಕಿ ಹೇಳಾಕತ್ತೀನಿ, ಹಾಕು!"

ಹಾಕಿದ. ತಿರುಪು ಬಿಗಿದ. ಟಿಕ್ ಎಂದಿತು. ಪೆಟ್ಟಿನಿಂದ ಹೊರಟ ಬಿರುಕು ಸ್ಟೀರಿಂಗ್ ಎದುರಿಗೆ ಬಂದು ನಿಂತಿತು. ಉಕ್ಕಿದ ರೆಸಿನನ್ನು ಅಂಬರೀಶ ಗಾಬರಿಯಲ್ಲಿ ಅರಿವೆಯಿಂದ ಒರೆಸಿದ, ಅದು ಗಾಜಿನ ತುಂಬ ಹರಡಿತು. ಸರಿಯಾಗಿ ನೋಡೋಣವೆಂದು ಗಾಡಿಯನ್ನು ಬಿಸಿಲಿಗೆ ತಂದ. ರಾಯಚೂರಿನ ಬಿಸಿಲಿಗೆ ರೆಸಿನ್ ಗಟ್ಟಿಯಾಗಲು ಎಷ್ಟು ಹೊತ್ತು ಬೇಕು?

ವಾಪಸ್ ಬಂದ ಹುಸೇನ್ ಹಣೆ ಹಣೆ ಬಡಿದುಕೊಂಡ. "ಯಾ ಅಲ್ಲಾ, ಎಂಥಾ ಕೆಲಸ ಮಾಡಿದ್ರಿ! ಇನ್ನ ಇದು ರಿಪೇರಿಗೆ ಬರಂಗಿಲ್ಲ, ಗಾಜೇ ಬದಲಿ ಮಾಡಬೇಕು. ಸೂರ್ಯ ಎದುರಿಗೆ ಬಂದ್ರ ಏನೂ ಕಾಣಂಗಿಲ್ಲ."

"ನೋಡ್ದೇನು? ಹೊಸ ಗಾಜು ಮಾರಾಕ ಹೊಂಟಾನ. ನಡಿ ಮನಿಗೆ," ಎಂದಳು ಮಹಾಂತಮ್ಮ. ಮಗ ಗಾಡಿ ಹತ್ತಿ ಹೊರಟ.

ಆ ವಾರವೇ ಒಂದು ಸಂಜೆ ಇಬ್ಬರೂ ರಾಯಚೂರಿನ ಸಂತೆ ಮುಗಿಸಿ ಊರಿಗೆ ಬರುತ್ತಿದ್ದರು. ಇಳಿಬಿಸಿಲು ನೇರ ಗಾಜಿಗೆ ಹೊಡೆಯಿತು. ಮೆತ್ತಿದ ರೆಸಿನ್ ಫಳಫಳ ಹೊಳೆಯಿತು. ಎದುರಿಗೆ ರಸ್ತೆಯಿಲ್ಲ, ಗಿಡವಿಲ್ಲ, ಬರೀ ಬೆಳ್ಳಗೆ.

ದಪ್ ಎಂದಿತು.

"ನಾಯಿ ಇರಬೇಕಲೇ," ಎಂದಳು ಮಹಾಂತಮ್ಮ.

ನಾಯಿಯಲ್ಲ. ಹೆಂಡತಿ ಸಂತೆಯ ಚೀಲ ಹೊರಲಾರಳೆಂದು ಊರ ಮುಂದಿನ ರಸ್ತೆ ಅಂಚಿನಲ್ಲಿ ಕಾಯುತ್ತ ನಿಂತಿದ್ದ ವಿರೂಪಣ್ಣ.

ಜೀವ ಉಳಿಯಿತು. ಬಲಗಾಲು ಉಳಿಯಲಿಲ್ಲ.

ಗಾಜು ಬದಲಿಸಲು ಅಂಬರೀಶ ಹೋದಾಗ ತಾಯಿಯೂ ಹೋದಳು. ಆಕೆಯನ್ನು ಕಂಡು ಹುಸೇನನೇ ಹೇಳಿದ: "ಬಾಟ್ಲಿ ಬಿಟ್ಟು ಹೋದದ್ದು ನಂದೂ ತಪ್ಪೇ, ಯವ್ವಾ." ಆ ಮಾತಿನಿಂದ ಆಕೆಗೆ ಸಮಾಧಾನವೇನೂ ಆಗಲಿಲ್ಲ.

ಯುಗಾದಿ ಹತ್ತಿರ ಬಂತು, ಕಂಬಿಯವರೂ ಬಂದರು. ವಿರೂಪಣ್ಣ ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಮಾತಾಡಿಸಿದ. ಮಹಾಂತಮ್ಮ ಬಡಿಸುತ್ತ ಬಂದಳು. ಒಬ್ಬ ಎಲೆಯ ಮೇಲೆ ಕೈ ಅಡ್ಡ ಹಿಡಿದು, "ಸಾಕವ್ವಾ," ಎಂದ. ಆಕೆಯ ಕೈ ಗಕ್ಕನೆ ನಿಂತಿತು.

"ಬಡಸು. ಅನ್ನಕ್ಯಾಕ ಕೈ ಹಿಡಿತಿ?" ಎಂದ ವಿರೂಪಣ್ಣ.

"ಎಲ್ಲಿ ಸುರುವಬೇಕು, ಎಲ್ಲಿ ಹನಿ ಹಾಕಬೇಕು, ನನಗ ತಿಳಿಲಿಲ್ಲರೀ. ನಿಮ್ಮ ಕಾಲು ನಾನ ತಿಂದೆ," ಎಂದು ಮಹಾಂತಮ್ಮ ಅಲ್ಲೇ ಕುಸಿದು ಗೋಳಾಡಿದಳು. ಊಟ ಮುಗಿಸಿ ಕಂಬಿಯವರು ಹೊರಟರು. ರಸ್ತೆಯ ತಿರುವಿನಲ್ಲಿ ಕೊನೆಯವನು ಮರೆಯಾಗುವವರೆಗೂ ವಿರೂಪಣ್ಣ ನೋಡುತ್ತ ಕೂತಿದ್ದ.

ಅಕ್ಕಂದಿರೇ, ಅಣ್ಣಂದಿರೇ, ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ, ನಿಮ್ಮದಿನ್ನೂ ಮಿಂಚಿಲ್ಲ. ಗಾಜಿಗೆ ಪೆಟ್ಟು ಬಿದ್ದರೆ ಮೊದಲು ಅದರ ಮೇಲೆ ಟೇಪ್ ಅಂಟಿಸಿ. ನೀರು, ಧೂಳು, ವಿಭೂತಿ ಹೋಗದಿರಲಿ. ಕೆಲಸ ಬಲ್ಲವರ ಹತ್ತಿರ ಬೇಗ ಹೋಗಿ. ರೆಸಿನ್ ಎಷ್ಟು ಹಾಕಿದಿರಿ ಎಂದು ಜಗಳ ತೆಗೆಯಬೇಡಿ, ಬಿರುಕು ತುಂಬಿತೇ ಎಂದು ಕೇಳಿ. ಉದ್ದ ಬಿರುಕಾದರೆ, ಅಥವಾ ಡ್ರೈವರ್ ಕಣ್ಣಿನ ಎದುರಿಗೇ ಇದ್ದರೆ, ಗಾಜು ಬದಲಿಸಿ. ಅನ್ನ ಎಷ್ಟಾದರೂ ಬಡಿಸಿ, ಯಾರೂ ಬೇಡವೆನ್ನುವುದಿಲ್ಲ. ಗಾಜಿಗೆ ಮಾತ್ರ ಅದು ಕೇಳಿದಷ್ಟೇ.

ನಿಮ್ಮೂರ ರಸ್ತೆಯ ಅಂಚಿನಲ್ಲೂ ಸಂಜೆ ಹೊತ್ತು ನಿಮ್ಮವರೊಬ್ಬರು ನಿಮಗಾಗಿ ಕಾಯುತ್ತ ನಿಂತಿರುತ್ತಾರೆ. ಅವರು ನಿಮಗೆ ಕಾಣಿಸಬೇಕು.