ಎಣಿಸುವ ಮುಚ್ಚಳ

ನನ್ನ ತಮ್ಮ ಅಂಗಡಿಗಳ ಬೋರ್ಡು ಬರೆಯುವವನು. ಫಿಟ್ಸಿಗೆ ಮಾತ್ರೆ ಶುರುವಾದ ಮೇಲೆ ಅವನ ಕೈ ನಡುಗತೊಡಗಿತು. "ಇದೇನಪ್ಪಾ, ಕೋಳಿ ಕೆದಕಿದ ಹಾಗಿದೆ ಅಕ್ಷರ," ಎಂದು ಗಿರಾಕಿಯೊಬ್ಬ ನಕ್ಕ. ಊಟ ಬಿಟ್ಟರೂ ಕುಂಚ ಬಿಡದವನು ಅವನು. ಆ ದಿನ ಎರಡನ್ನೂ ಮುಟ್ಟಲಿಲ್ಲ.

ರೋಗಿಗಳು ಹೇಳಿದ ಹಾಗೆ ಮಾತ್ರೆ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂದು ಅಳೆಯಲು ಆಸ್ಪತ್ರೆಯವರು ಒಂದು ಸೀಸೆ ಕೊಟ್ಟಿದ್ದರು. ಮುಚ್ಚಳದೊಳಗೆ ಯಂತ್ರ. ತೆರೆದಾಗಲೆಲ್ಲ ಲೆಕ್ಕ ನೇರವಾಗಿ ಅವರ ಕಂಪ್ಯೂಟರಿಗೆ. ಮುಂದಿನ ಭೇಟಿಯಲ್ಲಿ ಡಾಕ್ಟರು ಪರದೆ ನೋಡಿ, "ಒಂದು ದಿನಾನೂ ತಪ್ಪಿಸಿಲ್ಲ. ಆದ್ರೂ ಫಿಟ್ಸ್ ನಿಲ್ತಿಲ್ಲ ಅಂದ್ರೆ ಡೋಸ್ ಸಾಲ್ತಿಲ್ಲ," ಎಂದು ದೊಡ್ಡ ಮಾತ್ರೆ ತುಂಬಿದ ಇನ್ನೊಂದು ಸೀಸೆ ಕೊಟ್ಟರು. ಹಳೆಯದರೊಳಗೆ ಇಣುಕುವ ಪುರುಸೊತ್ತು ಯಾರಿಗಿತ್ತು? ಅಮ್ಮ ಹಿಗ್ಗಿ ಹೀರೇಕಾಯಿಯಾದಳು. ತಮ್ಮ ನೆಲ ನೋಡುತ್ತಿದ್ದ.

ಹೋದ ವಾರ ಏಣಿಯ ಮೇಲಿದ್ದಾಗಲೇ ಫಿಟ್ಸ್ ಬಂತು. ಬಿದ್ದವನ ಬಲಗೈ ನಜ್ಜುಗುಜ್ಜಾಯಿತು.

ವಾರ್ಡಿನಲ್ಲಿ ನರ್ಸು ಸೀಸೆ ತರಿಸಿ ಮೇಜಿನ ಮೇಲೆ ಸುರಿದಳು. ಕೊಟ್ಟ ಮಾತ್ರೆಯೆಲ್ಲ ಹಾಗೇ ಇತ್ತು.

"ಮತ್ತೆ ದಿನಾ ಮುಚ್ಚಳ ತೆಗೀತಿದ್ದಿದ್ದು ಯಾರು?"

"ನಾನೇ ಕಣಮ್ಮ," ಎಂದಳು ಅಮ್ಮ. "ಇವ್ನು ಕೆಲಸಕ್ಕೆ ಹೋದ್ಮೇಲೆ, ಮಾತ್ರೆ ಖಾಲಿಯಾಗಿ ಹೋಯ್ತಾ ಅಂತ ನೋಡ್ತಿದ್ದೆ. ಕಣ್ಣಲ್ಲಿ ಪೊರೆ, ಎಣಿಸೋಕಾಗಲ್ಲ. ಬೆರಳಾಡಿಸಿದ್ರೆ ಯಾವಾಗ್ಲೂ ಸಿಗೋದು. ಸದ್ಯ, ಮಗನಿಗೆ ಔಷಧಿ ಇದೆ ಅನ್ಕೊಳ್ತಿದ್ದೆ."

ನರ್ಸು ಮುಚ್ಚಳ ಎತ್ತಿ ಹಿಡಿದು, "ನೀವು ತೆಗೆದಿದ್ದನ್ನೇ ಇದು ಲೆಕ್ಕ ಹಾಕಿದೆ," ಎಂದಳು. ಅಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಗೋಡೆಗೆ ಒರಗಿ ನೆಲದ ಮೇಲೆ ಕುಸಿದವಳನ್ನು ನಾನು ಎಬ್ಬಿಸಲೂ ಹೋಗಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಯಾರನ್ನು ಬೈಯಲಿ? ಹೆತ್ತ ಕರುಳನ್ನೇ?

"ಯಾಕೋ ಹೀಗೆ ಮಾಡ್ದೆ?" ಎಂದು ತಮ್ಮನನ್ನೇ ಕೇಳಿದೆ.

"ಕೈ ನಡುಗ್ತಿತ್ತಕ್ಕ. ಬರೆಯೋಕಾಗದೆ ಬದುಕಿ ಏನ್ ಮಾಡ್ಲಿ?"

ಸಂಜೆ ಡಾಕ್ಟರು ಬಂದು, ಆ ಕೈ ಇನ್ನು ಕುಂಚ ಹಿಡಿಯುವುದಿಲ್ಲ ಎಂದರು. ಅವರು ಹೋದ ಮೇಲೆ ನರ್ಸು ಮಾತ್ರೆ ತಂದಳು. ಇವನು ಮುಖ ತಿರುಗಿಸುತ್ತಾನೆ, ರಂಪ ಮಾಡುತ್ತಾನೆ ಎಂದು ನಾನು ಸೆರಗು ಬಿಗಿದು ನಿಂತೆ.

ಅವನು ಎಡಗೈ ಚಾಚಿದ.

"ಕೊಡಿ ಸಿಸ್ಟರ್," ಎಂದ. "ಇನ್ನು ಎಷ್ಟು ನಡುಗಿದ್ರೂ ನಡೆಯುತ್ತೆ."