ಕೆಂಪು ಜಗಲಿಗೆ ಸಗಣಿ

ರಾಜಾಜಿನಗರದ ಆ ಅಡ್ಡರಸ್ತೆಯಲ್ಲಿ ಕೆಂಪು ನೆಲದ ಜಗಲಿ ಇಲ್ಲದ ಮನೆಯೇ ಇರಲಿಲ್ಲ. ಆದರೂ ಜಗಲಿ ಎಂದರೆ ನೀಲಗಂಗಮ್ಮನದು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಒಪ್ಪದವರನ್ನು ಆಕೆಯೇ ಒಪ್ಪಿಸಿದ್ದಳು. ಮನೆ ಕಟ್ಟಿಸುವಾಗ ಗಾರೆಯವನ ತಲೆಯ ಮೇಲೆ ಕೂತು ಹಾಕಿಸಿದ ನೆಲ ಅದು. ಅವನು ಕೈ ತೊಳೆದುಕೊಂಡು ಹೋದ ಮೇಲೂ ಈಕೆ ಬಿಡಲಿಲ್ಲ. ತೆಂಗಿನ ಸಿಪ್ಪೆಯಲ್ಲಿ ಉಜ್ಜಿದಳು, ಬಟ್ಟೆಗೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದಳು, ವರ್ಷಗಟ್ಟಲೆ ಒರೆಸಿದಳು. ಬಂದವರು ಹಣೆಯ ವಿಭೂತಿಯನ್ನು ನನ್ನ ನೆಲದಲ್ಲೇ ನೋಡಿಕೊಂಡು ಸರಿಮಾಡಿಕೊಳ್ಳುತ್ತಾರೆ ಎಂದು ಹೇಳಿಕೊಳ್ಳುತ್ತಿದ್ದಳು. ಅಷ್ಟೇನೂ ಇರಲಿಲ್ಲ ಅನ್ನಿ. ಆದರೆ ಆಕೆಯ ಎದುರು ಹಾಗೆ ಹೇಳುವ ಧೈರ್ಯ ಯಾರಿಗಿತ್ತು?

ಆ ಹೊಳಪೇ ಆಕೆಯ ಕಾಲು ಮುರಿಯಿತು. ದೀಪಾವಳಿ ಎಂದು ಎಣ್ಣೆಯನ್ನು ಸ್ವಲ್ಪ ಧಾರಾಳವಾಗಿಯೇ ಬಳಿದಿದ್ದಳು. ಸಂಜೆ ದೀಪ ಇಡಲು ಹೋದವಳು ದೊಪ್ಪನೆ ಬಿದ್ದಳು. ಬೈಯೋಣವೆಂದರೆ ಬೇರೆ ಯಾರೂ ಇಲ್ಲ, ನೆಲವೂ ತನ್ನದು, ಎಣ್ಣೆಯೂ ತನ್ನದು. ಚಳಿಗಾಲ ಪೂರ್ತಿ ನಡುಮನೆಯ ಮಂಚದ ಮೇಲೆ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದಳು. ಸಂಕ್ರಾಂತಿ ಆದ ಮೇಲೆ ಪಟ್ಟಿ ಬಿಚ್ಚಿದ ಡಾಕ್ಟರು ಸ್ಪಷ್ಟವಾಗಿ ಹೇಳಿದರು.

"ಮೂಳೆ ಚೆನ್ನಾಗಿ ಕೂಡಿದೆ ಅಮ್ಮ. ಇನ್ನು ಹೊರಗೆ ನಡೀಬೇಕು. ಹೀಗೇ ಮಂಚ ಹಿಡಿದು ಕೂತ್ರೆ ಕಾಲು ಮರಗಟ್ಟಿಬಿಡುತ್ತೆ. ಆಮೇಲೆ ನನ್ನ ಕೈಲೂ ಏನೂ ಆಗಲ್ಲ."

ನೀಲಗಂಗಮ್ಮ ನಡೆದಳು. ಗೋಡೆ ಹಿಡಿದು ದೇವರ ಮನೆಗೆ, ಗೋಡೆ ಹಿಡಿದು ಬಚ್ಚಲಿಗೆ. ತಲೆಬಾಗಿಲಿನ ಹೊಸ್ತಿಲು ಬಂತೋ, ಅಲ್ಲಿಂದ ವಾಪಸ್. ಒಂದು ದಿನ ಬಿಸಿಲು ಜಾಸ್ತಿ ಅಂದಳು, ಇನ್ನೊಂದು ದಿನ ಗಾಳಿ ಅಂದಳು. ಶಿವರಾತ್ರಿಗೆ ಗುಡಿಗೂ ಹೋಗಲಿಲ್ಲ. ಅದು ಬಿಸಿಲೂ ಅಲ್ಲ ಗಾಳಿಯೂ ಅಲ್ಲ, ಹೆದರಿಕೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೇಳುವವರು ಯಾರು?

ಒಂದು ದಿನ ಊಟಕ್ಕೆ ಕೂತಾಗ ಮಗ ಏಕಾಂತಯ್ಯ ಗಂಟಲು ಸರಿಮಾಡಿಕೊಂಡ. "ಅಮ್ಮ, ಆ ನೆಲ ಒಡೆಸಿ ಒರಟು ಸಿಮೆಂಟ್ ಹಾಕಿಸಿಬಿಡೋಣ್ವಾ?" ಎಂದವನು ಮನೆಯ ಹೆಂಚು ಹಾರಿಹೋಗುವಂಥ ಬೈಗುಳಕ್ಕೆ ತಯಾರಾಗಿ ಕೂತ.

"ಒಡೆಸು," ಎಂದಳು ನೀಲಗಂಗಮ್ಮ. ಎಂದು ಮುದ್ದೆ ಮುರಿದಳು.

ಅಡಿಗೆಮನೆಯ ಬಾಗಿಲಲ್ಲಿ ಸಾರಿನ ಪಾತ್ರೆ ಹಿಡಿದು ನಿಂತಿದ್ದ ಸೊಸೆ ಬಸವರಾಜೇಶ್ವರಿ ಬಡಿಸುವುದನ್ನೇ ಮರೆತಳು. ಮದುವೆಯಾಗಿ ಬಂದಾಗಿನಿಂದ ಅವಳಿಗೆ ಆ ಜಗಲಿ ಒರೆಸುವ ಯೋಗ ಸಿಕ್ಕಿರಲಿಲ್ಲ. "ನಿನ್ನ ಕೈ ಭಾರ, ಗೆರೆ ಬೀಳುತ್ತೆ" ಎಂದು ಅತ್ತೆ ಬಟ್ಟೆ ಕಿತ್ತುಕೊಳ್ಳುತ್ತಿದ್ದಳು. ಅಂಥ ನೆಲವನ್ನೇ ಒಡೆಸು ಅನ್ನುತ್ತಾಳೆಂದರೆ, ಇನ್ನು ತಾನು ಅಲ್ಲಿ ಕಾಲಿಡುವುದಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದಾಳೆ ಎಂದೇ ಅರ್ಥ. ಸೊಸೆಗೆ ಅಂದು ಊಟ ಸೇರಲಿಲ್ಲ. ಏಕಾಂತಯ್ಯ ಯುಗಾದಿ ಕಳೆದ ಮಾರನೆ ದಿನಕ್ಕೆ ಗಾರೆಯವನನ್ನು ಗೊತ್ತುಮಾಡಿದ.

ಒಡೆಯುವ ನೆಲವೇ ಆದರೂ ಹಬ್ಬಕ್ಕೆ ಕೊಳಕಾಗಿ ಇಡುವುದುಂಟೇ? ಬಸವರಾಜೇಶ್ವರಿ ಸೆರಗು ಸಿಕ್ಕಿಸಿದಳು. ಜಗಲಿಯ ಗತಿ ನೋಡಬಾರದಾಗಿತ್ತು. ಎದುರಿನ ಹೊಂಗೆ ಮರ ಚಳಿಗೆ ಉದುರಿಸಿದ ಎಲೆಯೆಲ್ಲ ಮೂಲೆಯಲ್ಲಿ ಕೊಳೆತು ಕೂತಿತ್ತು. ಮರ ಮಾತ್ರ ಏನೂ ಅರಿಯದ ಹಾಗೆ ಮೈತುಂಬ ಹೊಸ ಎಲೆ ಹೊತ್ತು ನಿಂತಿತ್ತು. ಎಲೆ ಬಳಿದು ಗುಡ್ಡೆ ಹಾಕಿದಳು, ಒಡೆದ ಕುಂಡಗಳನ್ನು ಸಾಗಿಸಿದಳು, ಕಂಬಳಿಗಳನ್ನು ಝಾಡಿಸಿ ಬಿಸಿಲಿಗೆ ಹರವಿದಳು. ಬೂದಿ, ಸೀಗೆಪುಡಿ ಹಾಕಿ ಎಣ್ಣೆಯ ಜಿಡ್ಡು ಹೋಗುವ ತನಕ ನೆಲ ತಿಕ್ಕಿದಳು. ಹೊಳಪು ಹೋಗಿ ನೆಲ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ಬಂತು. ಆದರೂ ಒದ್ದೆ ಕಾಲಿಟ್ಟರೆ ಜಾರುತ್ತಿತ್ತು.

ಆಗ ನೆನಪಾಯಿತು ನೋಡಿ, ಹರಿಹರದ ಹತ್ತಿರದ ತನ್ನ ತವರುಮನೆ. ಅಲ್ಲಿ ಹಬ್ಬ ಬಂದರೆ ಅಂಗಳಕ್ಕೂ ಕಟ್ಟೆಗೂ ಸಗಣಿ. ಅಜ್ಜಿ ಇದ್ದ ಮನೆಯಾದರೆ ಸಗಣಿಯ ಜೊತೆ ಒಂದು ಬೊಗಸೆ ಜರಡಿ ಹಿಡಿದ ಮರಳು. ಮುದುಕರ ಪಾದಕ್ಕೆ ಹಿಡಿತ ಸಿಗಲಿ ಎಂದು.

ಮರುದಿನ ಹಾಲು ಹಾಕಲು ಬಂದ ಕೇತಮಾರನಹಳ್ಳಿಯ ಮುನಿತಾಯಮ್ಮನನ್ನು ಒಂದು ಮಂಕರಿ ಸಗಣಿ ಕೇಳಿದಳು.

"ಯಾಕವ್ವ, ಬೆರಣಿ ತಟ್ತೀಯಾ?"

"ಜಗಲಿ ಸಾರಿಸ್ತೀನಿ."

ಮುನಿತಾಯಮ್ಮ ಕ್ಯಾನು ಕೆಳಗಿಟ್ಟು ನಕ್ಕಳು. "ಒಳ್ಳೆ ಕಥೆ ಆಯ್ತು ಕಣವ್ವ. ನಾವು ಮಣ್ಣಿನ ನೆಲಾನ ಸಿಮೆಂಟ್ ಮಾಡಿಸ್ತಾ ಇದೀವಿ, ನೀವು ಸಿಮೆಂಟ್ ನೆಲಾನ ಮಣ್ಣು ಮಾಡ್ತಾ ಇದೀರಾ." ನಕ್ಕರೂ ಸಗಣಿ ತಂದುಕೊಟ್ಟಳು.

ಯುಗಾದಿಯ ಹಿಂದಿನ ದಿನ, ಏಕಾಂತಯ್ಯ ಕೆಲಸಕ್ಕೆ ಹೋದ ಮೇಲೆ, ಬಸವರಾಜೇಶ್ವರಿ ಗೇಟಿನ ಕಡೆಯಿಂದ ಸಾರಿಸುತ್ತ ಬಂದಳು. ಪಕ್ಕದ ಮನೆಯ ಜಲಜಾ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ರೆಡಾಕ್ಸೈಡ್ ಮೇಲೆ ಸಗಣೀನಾ? ನಿಮ್ಮತ್ತೆ ನೋಡಿದ್ರೆ ನಿನ್ನ ತವರಿಗೆ ಓಡಿಸ್ತಾರೆ ಕಣೇ."

"ನೋಡೋಕೆ ಬಂದ್ರೆ ಸಾಕು," ಎಂದಳು ಬಸವರಾಜೇಶ್ವರಿ. ಬಾಯಲ್ಲಿ ಹಾಗೆ ಅಂದಳೇ ಹೊರತು ಒಳಗೊಳಗೇ ಹೆದರಿದ್ದಳು. ಕೇಳಿದರೆ ಬೇಡ ಅನ್ನುತ್ತಾರೆಂದು ಕೇಳದೆಯೇ ಹೊರಟಿದ್ದಳು.

ಹೊಸ್ತಿಲ ಹತ್ತಿರ ಬರುವಷ್ಟರಲ್ಲಿ ವಾಸನೆ ಒಳಗೆ ಹೋಗಿ ಸುದ್ದಿ ಮುಟ್ಟಿಸಿತ್ತು.

"ಏನೇ ಅದು ವಾಸನೆ? ಹಸು ಏನಾದ್ರೂ ನುಗ್ಗಿತಾ?"

"ಹಸು ಅಲ್ಲ ಅತ್ತೆ, ನಾನೇ. ಜಗಲಿ ಸಾರಿಸ್ತಾ ಇದೀನಿ."

ಒಳಗೆ ಮಂಚ ಕಿರುಗುಟ್ಟಿತು.

"ನನ್ನ ನೆಲಕ್ಕೆ ಸಗಣಿ ಬಳೀತೀಯಾ? ನಿನ್ನ ತಲೆ ನೆಟ್ಟಗಿದೆಯಾ? ಒಡೆದು ಹಾಕಿದ್ರೂ ಮರ್ಯಾದೆ ಇತ್ತಲ್ಲೇ, ಇದೇನು ಕೊಟ್ಟಿಗೇನಾ?" ಮಾತು ಹತ್ತಿರವಾಗುತ್ತ ಬಂತು. ಗೋಡೆ ಮುಗಿಯಿತು, ಬಾಗಿಲು ಬಂತು, ಹೊಸ್ತಿಲು ಬಂತು, ಬೈಗುಳ ಮಾತ್ರ ನಿಲ್ಲಲಿಲ್ಲ. "ಎಷ್ಟು ವರ್ಷ ಉಜ್ಜಿದೀನಿ ಗೊತ್ತೇನೇ ನಿಂಗೆ, ಈ ಕೈಯಲ್ಲಿ, ಈ..."

ಅಲ್ಲಿಗೆ ಮಾತು ನಿಂತಿತು. ನೀಲಗಂಗಮ್ಮ ತನ್ನ ಕಾಲು ನೋಡಿಕೊಂಡಳು. ಎರಡು ಪಾದವೂ ಹೊಸ್ತಿಲಿನ ಈಚೆ, ಇನ್ನೂ ಹಸಿಯಾಗಿದ್ದ ಸಗಣಿಯ ಮೇಲೆ ಇದ್ದವು. ಕೈ ಹಿಂದಕ್ಕೆ ಹೋಗಿ ಬಾಗಿಲಿನ ಚೌಕಟ್ಟು ತಡಕಿತು, ಸಿಗಲಿಲ್ಲ.

ಬಸವರಾಜೇಶ್ವರಿಗೆ ಎದ್ದು ಹೋಗಿ ಹಿಡಿದುಕೊಳ್ಳಬೇಕು ಎಂದು ಕೈ ತುಡಿಯಿತು. ಹಿಡಿದರೆ ಕೆಟ್ಟಿತು, ಇವಳು ಬೀಳುವವಳೇ ಎಂದು ತಾನೇ ಹೇಳಿದ ಹಾಗಾಗುತ್ತದೆ. ಸಗಣಿ ಕೈಯನ್ನು ಮಡಿಲಲ್ಲಿ ಅದುಮಿ ಹಿಡಿದು ಕೂತಲ್ಲೇ ಕೂತಳು.

"ಜಾರಲ್ಲ ಅತ್ತೆ. ಮರಳು ಹಾಕಿದೀನಿ."

ನೀಲಗಂಗಮ್ಮ ಹಿಮ್ಮಡಿ ಒತ್ತಿ ನೋಡಿದಳು. ಬೆರಳು ಮಡಿಸಿ, ಕೆರೆದು ನೋಡಿದಳು. ನೆಲ ಗಟ್ಟಿಯಾಗಿ ಹಿಡಿದುಕೊಂಡಿತು.

"ಎಷ್ಟು ಹಾಕಿದೆ?"

"ಒಂದು ಬೊಗಸೆ."

"ಜಾಸ್ತಿಯಾಯ್ತು," ಎಂದಳು. ಹಾಗೆನ್ನುವಾಗ ಕಣ್ಣಲ್ಲಿ ನೀರು ಬಂದಿತ್ತು. "ತುಂಬಾ ಹೆದರಿಕೆ ಆಗಿತ್ತು ಕಣೇ."

"ನಂಗೂ ಅತ್ತೆ."

ಆಮೇಲೆ ನೀಲಗಂಗಮ್ಮ, ಆಗಲೇ ಒಣಗಿದ್ದ ಕಡೆ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಜಗಲಿಯ ಕಟ್ಟೆಯ ತನಕ ಹೋಗಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಳು. ಕೂತ ಮೇಲೆ ಬಾಯಿ ಸುಮ್ಮನಿರುತ್ತದೆಯೇ? ಮಲ್ಲಿಗೆ ಗಿಡದ ಒಣಕಡ್ಡಿ ಇನ್ನೂ ಕತ್ತರಿಸಿಲ್ಲವೆಂದು ಒಂದು ಸುತ್ತು, ಮೂಲೆಯಲ್ಲಿ ಸಾರಿಸಿದ್ದು ತೆಳುವಾಯಿತೆಂದು ಇನ್ನೊಂದು ಸುತ್ತು ಬೈದಳು. ಬಸವರಾಜೇಶ್ವರಿಗೆ ಆ ಬೈಗುಳ ಕೇಳಿ ಹಬ್ಬ ಆಗಲೇ ಬಂದಷ್ಟು ಸಂತೋಷವಾಯಿತು.

ಸಂಜೆ ಸೈಕಲ್ ತಳ್ಳಿಕೊಂಡು ಬಂದ ಏಕಾಂತಯ್ಯ ಗೇಟಿನಲ್ಲೇ ನಿಂತುಬಿಟ್ಟ. ಜಗಲಿ ಹಸಿರಾಗಿತ್ತು, ಅಮ್ಮ ಕಟ್ಟೆಯ ಮೇಲೆ ಹೋಳಿಗೆಯ ಬೇಳೆ ಆರಿಸುತ್ತಿದ್ದಳು.

"ಗಾರೆಯವನಿಗೆ ಬರಬೇಡ ಅನ್ನು," ಎಂದಳು ನೀಲಗಂಗಮ್ಮ ತಲೆ ಎತ್ತದೆ. "ನೆಲ ನಂದು. ಈ ಬೇಸಿಗೆ ಹೀಗೇ ಇರಲಿ. ಕಾಲು ಗಟ್ಟಿಯಾದ ಮೇಲೆ ನಾನೇ ತೊಳೆದು ಉಜ್ತೀನಿ. ಎಣ್ಣೆ ಮುಟ್ಟಲ್ಲ, ಸಾಕಾ?"

ಯುಗಾದಿಯ ಬೆಳಗ್ಗೆ ಬಸವರಾಜೇಶ್ವರಿ ಸಗಣಿನೀರಿನ ಬಟ್ಟಲು ಹಿಡಿದು ಬಂದು ನೋಡಿದರೆ, ಹೊಸ್ತಿಲ ಮುಂದೆ ಅತ್ತೆಯ ಎರಡು ಹೆಜ್ಜೆ ಹಾಗೇ ಒಣಗಿ ಅಚ್ಚೊತ್ತಿ ನಿಂತಿದ್ದವು. ಬಲಗಾಲಿನದು ಆಳ, ಮುರಿದಿದ್ದ ಎಡಗಾಲಿನದು ಇನ್ನೂ ಸ್ವಲ್ಪ ಅಳುಕು. ಅದರ ಮೇಲೆ ಸಾರಿಸಲು ಕೈ ಬರಲಿಲ್ಲ. ಬಟ್ಟಲು ಪಕ್ಕಕ್ಕಿಟ್ಟು ಅವುಗಳ ಸುತ್ತಲೇ ರಂಗೋಲಿ ಹಾಕಿದಳು.

ಹಾಲು ತಂದ ಮುನಿತಾಯಮ್ಮ ಬಗ್ಗಿ ನೋಡಿದಳು. "ಇದ್ಯಾವ ದೇವ್ರ ಪಾದ ಬರೆದಿದೀಯವ್ವ ಯುಗಾದಿಗೆ?"

"ಬರೆದಿದ್ದಲ್ಲ," ಎಂದಳು ಬಸವರಾಜೇಶ್ವರಿ. "ನಮ್ಮತ್ತೆ ನಡೆದಿದ್ದು."

ನಡೆದವಳು ಆಗಲೇ ಗೇಟಿನ ಹತ್ತಿರ ನಿಂತು, ಬೇವಿನ ಹೂವು ತಂದ ಮಗನನ್ನು ಇಷ್ಟೇನಾ ತರೋದು ಎಂದು ಬೈಯುತ್ತಿದ್ದಳು.